ಕಿಟಕಿಯಲ್ಲಿ ನಿಂತು ಮಾಡಿದ ಕುಬಸ

ಸಿಂಗಪುರ
೯ ನವೆಂಬರ್ ೨೦೨೧

ಪ್ರೀತಿಯ ಸಾವಿತ್ರಕ್ಕನಿಗೆ,

ಕಲ್ಲೋಳಿಯ ಶೋಭಾಳ ಶರಣುಗಳು. ಮುಟ್ಟಿದ ಕೂಡಲೇ ಬರೆಯುತ್ತೇನೆಂದು ಮಾತು ಕೊಟ್ಟು ಬಂದವಳು ಇಷ್ಟು ದಿನ ಸುಮ್ಮನಿದ್ದೇನೆ, ನೀನು ಹುಕ್ಕೇರಿಯಲ್ಲಿ ಕೂತು ಬೈಯುತ್ತಿರುತ್ತೀ. ಬೈ, ನನಗೆ ಸಲ್ಲಬೇಕಾದದ್ದೇ. ಮೊದಮೊದಲು ಪೆನ್ನು ಹಿಡಿದರೆ ಬರೀ ಅಳು ಬರುತ್ತಿತ್ತು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿ ಕೈಕೊಟ್ಟಿದೆ, ನಾನು ಕೂಗಾಡಿದರೆ ಬಾಜೂ ರೂಮಿನವರು ದೂರು ಕೊಟ್ಟಾರು. ಅದಕ್ಕೇ ಈ ಹೋಟೆಲಿನವರು ಇಟ್ಟಿರುವ ಹಾಳೆಯ ಮೇಲೆ ಬರೆದು, ಫೋಟೋ ತೆಗೆದು ನಿನ್ನ ಸೊಸೆ ವಿದ್ಯಾಳ ಮೊಬೈಲಿಗೆ ಕಳಿಸುತ್ತೇನೆ. ಅಕ್ಷರ ಚೆನ್ನಾಗಿಲ್ಲವೆಂದು ಕೆಂಪು ಪೆನ್ನಿನಿಂದ ತಿದ್ದಬೇಡ, ಇಬ್ಬರೂ ಶಾಲೆಯಿಂದ ನಿವೃತ್ತರಾಗಿದ್ದೇವೆ.

ಅರ್ಚನಾ ಕ್ಷೇಮವಾಗಿದ್ದಾಳೆ. ಇನ್ನೂ ಹೆರಿಗೆಯಾಗಿಲ್ಲ. ಇಂದೋ ನಾಳೆಯೋ ಅನ್ನುತ್ತಿದ್ದಾರೆ ಡಾಕ್ಟರು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ಬಿಟ್ಟು ತವರೇ ಚೀಲ ಕಟ್ಟಿಕೊಂಡು ಮಗಳ ಕಡೆಗೆ ಹೊರಟಿತು. ಅವಳು ಬಂದಿದ್ದರೆ ತಿರುಗಿ ಇಲ್ಲಿಗೆ ಯಾವಾಗ ಬಿಡುತ್ತಾರೋ ಗೊತ್ತಿರಲಿಲ್ಲ. ಅಳಿಯ ವಿಶಾಲನಿಗೆ ಹಡಗು ರಿಪೇರಿ ಕಾರ್ಖಾನೆಯಲ್ಲಿ ಪಾಳಿ ಕೆಲಸ, ರಜೆ ಸಿಗುವುದಿಲ್ಲ. ಹಾಗಾಗಿ ನಾನೇ ಬಂದೆ. ಬಂದು ಈ ಊರಿನಲ್ಲೇ ಇದ್ದೇನೆ, ಆದರೆ ಅವಳ ಹತ್ತಿರ ಹೋಗುವಂತಿಲ್ಲ. ನಮ್ಮ ದೇಶದಿಂದ ಬಂದವರನ್ನು ನೇರವಾಗಿ ಹೋಟೆಲಿನ ಒಂದು ರೂಮಿಗೆ ತಂದು ಹತ್ತು ದಿನ ಇಡುತ್ತಾರೆ. ಕೊನೆಯಲ್ಲಿ ಇನ್ನೊಂದು ಸಲ ಮೂಗಿಗೆ ಕಡ್ಡಿ ಹಾಕಿ ನೋಡಿ, ಏನೂ ಇಲ್ಲವೆಂದರೆ ಮಾತ್ರ ಹೊರಗೆ ಬಿಡುತ್ತಾರೆ.

ಹೊರಡುವ ಮುಂಚೆ ನನ್ನ ಮೈದುನ ಅಣ್ಣಪ್ಪ ಎಷ್ಟು ಧೈರ್ಯ ಹೇಳಿದ್ದ ಗೊತ್ತೇ? "ವೈನಿ, ಎರಡೂ ಸೂಜಿ ಆಗ್ಯಾವ, ಸರ್ಟಿಫಿಕೇಟ್ ಐತಿ. ನಿಮ್ಮನ್ನ ಯಾಕ ಕೂಡಿ ಹಾಕ್ತಾರ್ರಿ?" ಎಂದಿದ್ದ. ಸೂಜಿ ಹಾಕಿಸಿಕೊಂಡವರಿಗೂ ಬಿಟ್ಟವರಿಗೂ ಇಲ್ಲಿ ಅದೇ ರೂಮು, ಅದೇ ಕಡ್ಡಿ ಎಂದು ನಾನು ಹೇಳಿದರೆ ನಂಬಲೇ ಇಲ್ಲ.

ಗೋಕಾಕದಲ್ಲಿ ಪರೀಕ್ಷೆ ಮಾಡಿಸಿದ ಕಥೆ ಕೇಳಿದರೆ ನೀನು ಹೊಟ್ಟೆ ಹಿಡಿದುಕೊಂಡು ನಗುತ್ತೀ. ಬಾಣಂತಿಯ ಮನೆಗೆ ಮಸಾಲಿ ಖಾರ ಇಲ್ಲದೆ ಹೋಗುವುದು ಹೇಗೆ? ಹಿಂದಿನ ದಿನ ನಾನೂ ಎದುರುಮನೆ ತಾಯವ್ವನೂ ಕೂತು ಮೆಣಸಿನಕಾಯಿ ಹುರಿದೆವು, ಕುಟ್ಟಿದೆವು. ಓಣಿಯೆಲ್ಲ ಸೀನಿತು. ಬೆಳಿಗ್ಗೆ ಎದ್ದರೆ ನನ್ನ ಗಂಟಲು ಕಟ್ಟಿದೆ, ಕೆಮ್ಮು ನಿಲ್ಲುತ್ತಿಲ್ಲ. ಮೂಗು ಪರೀಕ್ಷೆಯ ಹಿಂದಿನ ದಿನವೇ ಖಾರ ಕುಟ್ಟುವ ಬುದ್ಧಿ ನನಗಲ್ಲದೆ ಇನ್ನಾರಿಗೆ ಬರಬೇಕು ಹೇಳು. ಗಾಡಿ ಹೊಡೆಯುವ ಲಗಮಪ್ಪ ಎಲ್ಲ ಕಿಟಕಿ ಇಳಿಸಿಕೊಂಡು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

"ಅಕ್ಕಾರ, ಖರೆ ಹೇಳ್ರಿ. ಇದು ಖಾರದ ಕೆಮ್ಮ ಹೌದಲ್ರಿ?"

"ನಿನ್ನ ಮನಿ ಮುಂದನ ಕುಟ್ಟೇವಿ. ನೀನೂ ಸೀನಿಲ್ಲೇನು?"

"ಸೀನೇನ್ರಿ. ಅದಕ್ಕ ಹೆದರಿಕಿ ಬಂದೈತಿ," ಎಂದ.

ಸಾಲಿನಲ್ಲಿ ನಿಂತು ಒಮ್ಮೆ ಕೆಮ್ಮಿದೆ ನೋಡು, ನನ್ನ ಹಿಂದೆಯೂ ಮುಂದೆಯೂ ಅಂಗಳ ಖಾಲಿ. ಕಡ್ಡಿ ಹಾಕುವ ಹುಡುಗಿಗೆ "ಖಾರ ಕುಟ್ಟಿ ಬಂದೇನಿ ತಂಗಿ" ಎಂದರೆ, ಅವಳು "ಎಲ್ಲಾರೂ ಏನರೆ ಒಂದು ಹೇಳ್ತಾರ್ರಿ" ಎಂದಳು. ಆ ಒಂದು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಮರುದಿನ ಏನೂ ಇಲ್ಲವೆಂದು ಬಂತು. ತಾಯವ್ವ ಬಂದು ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಣ್ಣುಮಗಳು ಕೊರಳಿನಲ್ಲಿರುವುದನ್ನು ತೆಗೆದು ತಟ್ಟೆಯಲ್ಲಿಡಿ ಎಂದಳು. ಲಿಂಗ ಮೈಮೇಲಿಂದ ತೆಗೆಯುವುದಿಲ್ಲ ಎಂದೆ. ಕೈಚೀಲ ಗಟ್ಟಿಯಾಗಿ ಹಿಡಿದುಕೊಂಡು ನಿಂತುಬಿಟ್ಟೆ. ಅವಳು ಇನ್ನೊಬ್ಬಳನ್ನು ಕರೆದಳು. ಬಂದವಳು ವಿಜಯಪುರದ ಕಡೆಯವಳಂತೆ, ನೋಡಿದವಳೇ "ಬಿಡ್ರೆವ್ವಾ, ಹಂಗ ಹೋಗ್ರಿ" ಎಂದಳು. ಆ ತಾಯಿ ಹೊಟ್ಟೆ ತಣ್ಣಗಿರಲಿ.

ಇಲ್ಲಿ ಬಾಗಿಲು ಬಡಿದು ಊಟದ ಡಬ್ಬಿ ಇಟ್ಟು ಹೋಗುತ್ತಾರೆ. ಅವರು ದೂರ ಹೋಗುವವರೆಗೆ ನಾನು ತೆಗೆಯಬಾರದು. ಯಾರ ಮುಖವನ್ನೂ ನೋಡಿಲ್ಲ. ಮಗಳಿಗೆಂದು ತಂದ ಅಂಟಿನುಂಡಿಯಲ್ಲಿ ಒಂದೊಂದೇ ನಾನೇ ಮುಗಿಸುತ್ತಿದ್ದೇನೆ, ಬಾಣಂತಿಗಿಂತ ಮೊದಲು ಅಜ್ಜಿಯ ಸೊಂಟ ಗಟ್ಟಿಯಾಗುತ್ತಿದೆ. ದೀಪಾವಳಿ ಪಾಡ್ಯದ ದಿನ ಮಾತ್ರ ತಡೆಯಲಾಗಲಿಲ್ಲ. ಅಂಗಳದಲ್ಲಿ ಸಗಣಿಯ ಪಾಂಡವರಿಲ್ಲ, ಒಂದು ಹಣತೆ ಇಲ್ಲ. ಹೊಗೆ ಕಂಡರೆ ಹೋಟೆಲ್ ತುಂಬ ಗಂಟೆ ಬಡಿಯುತ್ತದಂತೆ.

ಅಂದು ಸಂಜೆ ಅರ್ಚನಾ ಫೋನ್ ಮಾಡಿದಳು. "ಅವ್ವಾ, ಕಿಟಕಿಗೆ ಬಾ. ಕೆಳಗ ನೋಡು."

ಎಂಟನೇ ಮಹಡಿಯಿಂದ ಕೆಳಗೆ ನೋಡಿದರೆ ಜನರೆಲ್ಲ ಒಂದೇ ತರಹ ಕಾಣುತ್ತಾರೆ. ಆದರೆ ಅವಳನ್ನು ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಕುಬಸಕ್ಕೆಂದು ನಾನು ಸಂಕೇಶ್ವರದಲ್ಲಿ ತೆಗೆದು ಪಾರ್ಸೆಲ್ ಮಾಡಿದ್ದ ಹಸಿರು ಸೀರೆ ಉಟ್ಟುಕೊಂಡು, ವಿಶಾಲನ ತೋಳು ಹಿಡಿದು ರಸ್ತೆಯ ಆಚೆ ನಿಂತಿದ್ದಳು. ಏಳನೇ ತಿಂಗಳಲ್ಲಿ ಮಾಡುವವರಿಲ್ಲದೆ ನಿಂತುಹೋಗಿದ್ದ ಕುಬಸ. "ಮಡಚಿಟ್ಟಿದ್ದೆವ್ವಾ. ನೀ ಇಲ್ಲದ ಉಡಾಕ ಮನಸ್ಸಾಗಲಿಲ್ಲ," ಎಂದಳು.

ನಾನು ಚಹಾದ ತಟ್ಟೆಯ ಮೇಲೆ ಮೊಬೈಲಿನ ಬೆಳಕು ಹಚ್ಚಿಟ್ಟು, ಗಾಜಿನ ಹತ್ತಿರ ನಿಂತು ಆರತಿ ಬೆಳಗಿದೆ. ಊರಲ್ಲಾಗಿದ್ದರೆ ತಟ್ಟೆ ನನ್ನ ಕೈಗೆ ಬರುತ್ತಿರಲಿಲ್ಲ. ಬಸವಣ್ಣನ ಹೆಸರು ಹೇಳುವ ಮನೆಯಲ್ಲೂ ಗಂಡ ಹೋದವಳನ್ನು ಹಿಂದಕ್ಕೆ ಸರಿಸಿ, ನನ್ನ ನೆಗೆಣ್ಣಿ ಶಿವವ್ವನ ಕೈಯಲ್ಲಿ ಬೆಳಗಿಸುತ್ತಿದ್ದರು. ಇಲ್ಲಿ ನನ್ನನ್ನು ಸರಿಸುವವರು ಯಾರೂ ಇರಲಿಲ್ಲ. ಮುಚ್ಚಿದ ರೂಮು ಅಷ್ಟೊಂದು ಉಪಕಾರ ಮಾಡಿತು.

ಮುಗಿದ ಮೇಲೆ ಅವಳು ಹೋಗಿಬರುತ್ತೇನೆಂದು ಕೈ ಎತ್ತಿದಳು. ನನಗೆ ತಿರುಗಿ ಕೈ ಎತ್ತಲಾಗಲಿಲ್ಲ ಅಕ್ಕಾ. ಮೇ ತಿಂಗಳಲ್ಲಿ ನಮಗೆ ಗಂಡ ಹೆಂಡತಿ ಇಬ್ಬರಿಗೂ ಕೊರೊನಾ ಬಂದಾಗ ನನ್ನನ್ನು ಮನೆಯ ಒಳಕೋಣೆಯಲ್ಲಿ ಇಟ್ಟಿದ್ದರಲ್ಲ, ಅರ್ಚನಾಳ ಅಪ್ಪ ಆಂಬುಲೆನ್ಸ್ ಹತ್ತುವಾಗ ನನ್ನ ಕಿಟಕಿಯ ಕಡೆ ತಿರುಗಿ ಹೀಗೆಯೇ ಕೈ ಎತ್ತಿದ್ದರು. ಅದೇ ಕೊನೆ. ಎಲ್ಲರೂ ನಾನು ಕಡ್ಡಿಗೆ ಹೆದರುತ್ತೇನೆ ಅಂದುಕೊಂಡಿದ್ದಾರೆ. ನನಗೆ ಹೆದರಿಕೆ ಬಾಗಿಲಿನದು. ನಾನು ಒಳಗೆ, ನನ್ನವರು ಹೊರಗೆ.

ಇವತ್ತು ಕೊನೆಯ ಪರೀಕ್ಷೆ ಮಾಡಿಕೊಂಡು ಹೋದರು. ನಾಳೆ ತಿಳಿಯುತ್ತದೆ. ಇದೆ ಎಂದರೆ ಇನ್ನೆಲ್ಲಿಗೋ ಒಯ್ಯುತ್ತಾರೆ, ಮಗಳು ಒಬ್ಬಳೇ ಹೆರಬೇಕು. ನಿನ್ನ ಪೂಜೆಯ ಹೊತ್ತಿನಲ್ಲಿ ನಮ್ಮಿಬ್ಬರ ಹೆಸರನ್ನೂ ನೆನೆ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೋ, ವಿದ್ಯಾಳಿಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೆ ಆಶೀರ್ವಾದ ಮಾಡುವಷ್ಟು ದೊಡ್ಡವಳಲ್ಲ ನಾನು, ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುತ್ತೇನೆ.

ನಿನ್ನ,
ಶೋಭಾ

ತಾ.ಕ.: ಕಳಿಸುವ ಮುಂಚೆ ಬೆಳಗಾಯಿತು. ಈಗಷ್ಟೇ ಹೇಳಿದರು, ಏನೂ ಇಲ್ಲವಂತೆ. ವಿಶಾಲ ಕರೆದೊಯ್ಯಲು ಹೊರಟಿದ್ದಾನೆ. ಅವನು ಬರುವುದರೊಳಗೆ ಒಂದು ಮಾತು. ವಿದ್ಯಾ ಓದಿದರೆ ಅಡ್ಡಿಯಿಲ್ಲ, ಅಣ್ಣಪ್ಪನ ಕಿವಿಗೆ ಮಾತ್ರ ಬೀಳದಿರಲಿ.

ಅರ್ಚನಾಳ ಅಪ್ಪನನ್ನು ಆಸ್ಪತ್ರೆಯಿಂದ ಚೀಲದಲ್ಲಿ ಸುತ್ತಿ ನೇರವಾಗಿ ರುದ್ರಭೂಮಿಗೆ ತಂದರು. ಅಯ್ಯನವರು ದೂರ ನಿಂತು ಮಂತ್ರ ಹೇಳಿದರು. ಚೀಲ ಬಿಚ್ಚುವಂತಿರಲಿಲ್ಲ. ಲಿಂಗ ಕೊರಳಲ್ಲೇ ಇದೆ ಎಂದು ಎಲ್ಲರೂ ತಿಳಿದರು, ಅಣ್ಣಪ್ಪನೂ. ಮುಂದಿನ ವಾರ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಪೊಟ್ಟಣವನ್ನು ಅವನೇ ತಂದು ನನ್ನ ಹೊಸ್ತಿಲ ಮೇಲಿಟ್ಟ, ತೆರೆದು ನೋಡಿರಲಿಲ್ಲ. ಕೈಗಡಿಯಾರ, ಕನ್ನಡಕ. ಕೆಳಗೆ ಅವರ ಬೆಳ್ಳಿಯ ಕರಡಿಗೆ, ಒಳಗೆ ಲಿಂಗ. ಸಾಯುವವರೆಗೂ ಮೈಬಿಡದ, ಸತ್ತ ಮೇಲೆ ಅಂಗೈಯಲ್ಲಿಟ್ಟು ಮಣ್ಣು ಮಾಡುವ ಲಿಂಗ. ಅವರು ಬರಿಗೈಯಲ್ಲಿ ಹೋದರು ಸಾವಿತ್ರಕ್ಕಾ. ಅಣ್ಣನನ್ನು ಅಪ್ಪನಂತೆ ನೋಡಿಕೊಂಡ ಆ ಅಣ್ಣಪ್ಪನಿಗೆ ಇದನ್ನು ಹೇಗೆ ಹೇಳಲಿ? ಯಾರಿಗೂ ಹೇಳಲಿಲ್ಲ.

ವಿಮಾನ ನಿಲ್ದಾಣದಲ್ಲಿ ಕೈಚೀಲ ಅವುಚಿಕೊಂಡದ್ದು ಅದಕ್ಕೇ. ಅಪ್ಪನ ಮಣ್ಣಿಗೂ ಬರಲಾಗದ ಅರ್ಚನಾಳ ಅಂಗೈಯಲ್ಲಿ ಒಮ್ಮೆ ಇಡುತ್ತೇನೆ, ಅವಳು ಹಿಡಿದುಕೊಳ್ಳಲಿ. ಆಮೇಲೆ ಊರಿಗೆ ತಂದು ಅವರ ಸಮಾಧಿಯಲ್ಲಿ ಸೇರಿಸಬೇಕು. ನಾನು ಬಂದ ದಿನ ನೀನು ಹುಕ್ಕೇರಿಯಿಂದ ಬಾ. ಅಣ್ಣಪ್ಪನಿಗೆ ಹೇಳುವಾಗ ನನ್ನ ಪಕ್ಕದಲ್ಲಿ ಕೂತಿರು, ಸಾಕು.

ಅಲ್ಲಿಯವರೆಗೆ ಅವರ ಪೂಜೆ ತಪ್ಪಿಸಿಲ್ಲ. ಈ ರೂಮಿನಲ್ಲೂ ದಿನಾ ಬೆಳಿಗ್ಗೆ ಕಿಟಕಿಯ ಮುಂದೆ ಕೂತು, ಎಡ ಅಂಗೈಯಲ್ಲಿ ಮೊದಲು ಅವರದನ್ನು ಇಟ್ಟುಕೊಳ್ಳುತ್ತೇನೆ, ಆಮೇಲೆ ನನ್ನದನ್ನು.