ರಿಲೀಫು ಬಂತು

ಮಳವಳ್ಳಿ
೯ ಜೂನ್ ೧೯೪೬, ಭಾನುವಾರ

ಪ್ರೀತಿಯ ತಮ್ಮ ಪಾರ್ಥಸಾರಥಿಗೆ,

ನಿನ್ನ ಕೆಮ್ಮು ಹೇಗಿದೆ? ಬೆಂಗಳೂರಿನ ಥಂಡಿ ನಿನಗೆ ಮೊದಲಿನಿಂದಲೂ ಒಗ್ಗದು. ಮಫ್ಲರ್ ಸುತ್ತಿಕೊ, ಆಫೀಸರ್ ಆದವನು ಸುತ್ತಬಾರದೆಂದೇನೂ ಇಲ್ಲ. ಪಂಕಜ, ಮಗು ಸೌಖ್ಯವಷ್ಟೆ? ನಾನು ಆರೋಗ್ಯವಾಗಿದ್ದೇನೆ. ನಿದ್ದೆ ಮಾತ್ರ ಸರಿಯಾಗಿಲ್ಲ.

ಕಳೆದ ತಿಂಗಳು ನೀನು ಬಂದಾಗ ಇಲ್ಲಿಯ ಪವರ್ ಹೌಸಿನವರು ಕೆಲಸ ನಿಲ್ಲಿಸಿದ್ದರು. ಸಂಬಳದ ಮಾತೇ ಇರಲಿಲ್ಲ. ಪಾಳಿ ಮುಗಿದ ಮೇಲೆ ಸ್ವಿಚ್‌ಬೋರ್ಡು ಒಪ್ಪಿಸಿ ಮನೆಗೆ ಹೋಗಲು ಇನ್ನೊಬ್ಬ ಆಳು ಬೇಕು ಎಂದಷ್ಟೇ ಅವರ ಬೇಡಿಕೆ. ಹಾಗೆ ಬಂದು ಬಿಡಿಸುವವನನ್ನು ಅವರು ರಿಲೀಫು ಅನ್ನುತ್ತಾರೆ. ರಿಲೀಫು ಬಾರದೆ ಎರಡು ಪಾಳಿ ನಿಂತ ಹುಸೇನ್ ತೂಕಡಿಸಿ ಕೈ ಸುಟ್ಟುಕೊಂಡಿದ್ದ. ಕಂಪನಿಯ ಸಿಬ್ಬಂದಿಯನ್ನು ನೋಡಿಕೊಳ್ಳುವ ನೀನು ರಾಜಿಗೆಂದು ಬಂದೆ; ನಿನ್ನನ್ನು ಅವರು ನಂಬಲಿಲ್ಲ. ಹುಸೇನನ ಅಣ್ಣ, ಅಲ್ಲೇ ಕೆಲಸದಲ್ಲಿದ್ದ ಗಫಾರರ ಮಗಳಿಗೆ ಪಾಠ ಹೇಳುವ ನನ್ನನ್ನು ನಂಬುತ್ತಾರೆಂದು ನಿನಗೆ ಗೊತ್ತಿತ್ತು. ನನ್ನ ಮನೆಯಲ್ಲಿ ಊಟಕ್ಕೆ ಕೂತ ನೀನು, ಮಿಷನ್ ಶಾಲೆಯ ದಿನಗಳಿಂದ ಬಂದ ನಮ್ಮಿಬ್ಬರ ಅಭ್ಯಾಸದಂತೆ, ಇಂಗ್ಲಿಷಿನಲ್ಲಿ ಹೇಳಿದೆ: ಒಂದನೇ ತಾರೀಖಿನಿಂದ ಅವರೆಲ್ಲರನ್ನೂ ರಿಲೀವ್ ಮಾಡುತ್ತೇವೆ, ಹೋಗಿ ತಿಳಿಸು ಅಕ್ಕ.

ನಾನು ಖುಷಿಯಿಂದಲೇ ಹೋಗಿ, ಒಂದನೇ ತಾರೀಖಿನಿಂದ ನಿಮಗೆಲ್ಲ ರಿಲೀಫು ಬರುತ್ತದಂತೆ ಎಂದು ಕನ್ನಡದಲ್ಲಿ ಹೇಳಿದೆ. "ದಿಟವಾ ಅಮ್ಮಾರೇ, ರಿಲೀಫು ಬತ್ತದಾ? ನಿಮ್ ತಮ್ಮ ಆಮೇಲೆ ಮಾತು ತಿರುಗಿಸಿಬುಟ್ರೆ?" ಎಂದ ಅವರಲ್ಲೊಬ್ಬ, ನಿಂಗಯ್ಯ. ಅವನು ನನ್ನ ತಮ್ಮ ಕಣಪ್ಪ ಎಂದೆ. ಅಷ್ಟೇ ಸಾಕಾಯಿತು ಅವರಿಗೆ; ಅಂದೇ ಮತ್ತೆ ಕೆಲಸಕ್ಕೆ ಒಳಗೆ ಹೋದರು.

ವಾರದಲ್ಲಿ ಹೊಸಬರು ಬಂದರು. ನಮ್ಮ ರಿಲೀಫು ಎಂದುಕೊಂಡು ಇವರೇ ಅವರಿಗೆ ಒಂದೊಂದು ಸ್ವಿಚ್ಚನ್ನೂ ಮುಟ್ಟಿಸಿ ಕಲಿಸಿದರು. ಇನ್ನು ನಮ್ಮವರು ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಉಣ್ಣುತ್ತಾರೆ ಎಂದು ಗಫಾರರ ಹೆಂಡತಿ ಹಬೀಬುನ್ನೀಸಾ ಆ ಹೊಸಬರಿಗೆ ರೊಟ್ಟಿ ಕಟ್ಟಿ ಕಳಿಸಿದರು. ಒಂದನೇ ತಾರೀಖು ಬೆಳಿಗ್ಗೆ ಗೇಟಿನ ಕರಿಯಪ್ಪ ಅಡ್ಡ ನಿಂತ. "ರಿಲೀಫು ಕೇಳಿದ್ರಲ್ಲಾ, ಬಂದದೆ. ಓಗ್ರಲಾ ಮನೆಗೆ." ಅವನ ನಗು ಕೇಳಿಸಿಕೊಂಡವರು ನನಗೆ ಹಾಗೇ ಆಡಿ ತೋರಿಸಿದರು.

ರಿಲೀವ್ ಎಂಬ ಆ ಪದಕ್ಕೆ ಕೆಲಸದಿಂದ ತೆಗೆಯುವುದೆಂಬ ಅರ್ಥವೂ ಉಂಟೆಂದು ನನಗೆ ತಿಳಿಯದ್ದಲ್ಲ. ಹಾಗಾದರೆ ಯಾಕೆ ಹೊಳೆಯಲಿಲ್ಲ? ಹೇಳಿದವನು ನೀನಾದ್ದರಿಂದಲೋ? ವಾರವಿಡೀ ನಿನ್ನ ಪರವಾಗಿ ನನ್ನೊಡನೆ ನಾನೇ ವಾದಿಸಿದೆ, ಬಾಯಿಗೆ ಬಂದ ಪದ ಆಡಿರಬೇಕು ಪಾಪ ಎಂದು. ಆದರೆ ಆಡುವಾಗ ನೀನು ನನ್ನ ಮುಖ ನೋಡಲಿಲ್ಲ. ಎಲೆಯ ತುದಿಯ ಉಪ್ಪನ್ನು ಬೆರಳಲ್ಲಿ ಸವರುತ್ತಿದ್ದೆ. ಸುಳ್ಳು ಹೇಳಿದೆಯೆಂದು ಯಾರೂ ಅನ್ನಲಾಗದಂಥ ಪದವನ್ನು ಹುಡುಕಿಕೊಂಡೇ ನನ್ನ ಮನೆಗೆ ಬಂದಿದ್ದೆಯಾ, ಪಾರ್ಥ? ಹಾಗಲ್ಲ ಅಕ್ಕ ಎಂದು ಒಂದು ಸಾಲು ಬರೆದರೆ ನಂಬಲು ನನಗೆ ಈಗಲೂ ಆಸೆ.

ಗಫಾರರ ಮಗಳು ಪಾಠಕ್ಕೆ ಬರುತ್ತಿಲ್ಲ. ಹಬೀಬುನ್ನೀಸಾ ಎದುರಾದರೆ ಸೆರಗು ಮುಖಕ್ಕೆಳೆದುಕೊಂಡು ಸರಿದುಹೋಗುತ್ತಾರೆ.

ಮಗುವಿಗೆ ನನ್ನ ಮುತ್ತು, ಪಂಕಜಳಿಗೆ ಆಶೀರ್ವಾದ. ನಿನಗೂ ಒಳ್ಳೆಯದಾಗಲಿ, ಅಷ್ಟನ್ನು ಬರೆಯದೆ ಕಾಗದ ಮುಗಿಸಲು ನನ್ನಿಂದಾಗದು.

ನಿನ್ನ ಅಕ್ಕ,
ತಿರುಮಲಮ್ಮ

ಮರೆತಿದ್ದೆ: ಮುಂದಿನ ಬುಧವಾರ ಮಂಡ್ಯದಲ್ಲಿ ಇವರನ್ನು ತೆಗೆದದ್ದರ ಬಗ್ಗೆ ಸರ್ಕಾರದವರ ವಿಚಾರಣೆ; ಕಂಪನಿಯ ಪರವಾಗಿ ನೀನೂ ಬರುವೆಯಂತೆ. ಸಾಕ್ಷಿಗೆ ಬನ್ನಿ ಎಂದು ಗಫಾರ್ ಕೇಳಿದರು, ಒಪ್ಪಿದ್ದೇನೆ. ಊಟದ ಹೊತ್ತಿನಲ್ಲಿ ನೀನಂದದ್ದನ್ನು ನೀನಂದ ಇಂಗ್ಲಿಷಿನಲ್ಲೇ ಹೇಳುತ್ತೇನೆ. ಅದರ ಕನ್ನಡವನ್ನು ಈ ಸಲ ನೀನೇ ಅವರಿಗೆ ಹೇಳು.