ಎಂಟು ಸೆಕೆಂಡು

ಮಾರ್ಚ್ 3

ಇವತ್ತು ಆರು ಮಂದಿ. ಒಟ್ಟು ಹದಿನೆಂಟಾಯಿತು. ಒಬ್ಬೊಬ್ಬರಿಗೂ ಇಪ್ಪತ್ತು ಪದ ಓದಿ ಹೇಳುವುದು, ಎರಡು ನಿಮಿಷ ಬಿಟ್ಟು ನೆನಪಿದ್ದಷ್ಟನ್ನು ಬರೆಸುವುದು. ಅರ್ಧ ಮಂದಿಗೆ ನಿಶ್ಶಬ್ದ ಕೋಣೆ, ಉಳಿದವರಿಗೆ ಓದು ಮುಗಿದ ಮೇಲೆ ಸ್ಪೀಕರಿನಲ್ಲಿ ಟ್ರಾಫಿಕ್ ಗದ್ದಲ. ಯಾರಿಗೆ ಯಾವುದು — ಓದುವ ಮೊದಲೇ ಚೀಟಿ ಎತ್ತಿ ತೀರ್ಮಾನ. ಎಲ್ಲವೂ ಫೋನಿನಲ್ಲಿ ರೆಕಾರ್ಡ್. ಮೇಡಂ ನಿಯಮ.

ನಿಶ್ಶಬ್ದದವರೇ ಗೆಲ್ಲುತ್ತಾರೆ. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ಪ್ರಾಜೆಕ್ಟಿನ ಜೊತೆಗಾರ ಆಮೆ. ಒಂದು ಅಂಕಿ ಬರೆಯಲು ಮೂರು ಸಲ ನೋಡುತ್ತಾನೆ, ಅದಕ್ಕೇ ಆ ಹೆಸರು. "ಪದಗಳನ್ನ ಒಂದ್ಸಲ ರೆಕಾರ್ಡ್ ಮಾಡಿ ಎಲ್ರಿಗೂ ಅದನ್ನೇ ಕೇಳಿಸೋಣ ಕಣೇ" ಅಂದ. "ನನ್ನ ಗಂಟಲಿಗೇನಾಗಿದೆ?" ಅಂದೆ. ಪದಗಳ ಪಟ್ಟಿ ನನ್ನ ಕೈಗಿಟ್ಟ.

ಮಾರ್ಚ್ 7, ಸಂಜೆ

ಇಪ್ಪತ್ತನಾಲ್ಕೂ ಮುಗಿಯಿತು. ನಿಶ್ಶಬ್ದ: ಸರಾಸರಿ 13 ಪದ. ಗದ್ದಲ: 9. ಮೇಡಂ ಕನ್ನಡಕ ಹಣೆಗೇರಿಸಿ ನೋಡಿದರು. "ಚೆನ್ನಾಗಿದೆ. ಹತ್ತಕ್ಕೆ ರಿಪೋರ್ಟ್ ಕೊಡಿ."

ಅವರ ಲ್ಯಾಬಿನಲ್ಲಿ ಬೇಸಿಗೆ ರಜೆಗೆ ಸಹಾಯಕರ ಜಾಗ ಒಂದೇ ಒಂದು. ಕಾಲೇಜು ಸೇರಿದಾಗಿನಿಂದ ಅದರ ಮೇಲೇ ಕಣ್ಣು. ಇನ್ನು ನನ್ನದೇ ಬಿಡಿ.

ಮಾರ್ಚ್ 9

ಎಡವಟ್ಟು.

ರಿಪೋರ್ಟಿಗೆಂದು ರೆಕಾರ್ಡಿಂಗ್ ಜೋಡಿಸುತ್ತಿದ್ದೆ. ಅಕ್ಕ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದಳು. ಹತ್ತು ವರ್ಷದಿಂದ ಶಾರ್ಟ್‌ಹ್ಯಾಂಡ್ ಕಲಿಸುತ್ತಾಳೆ. ಡಿಕ್ಟೇಶನ್ ಕೊಟ್ಟು ಕೊಟ್ಟು ಅವಳ ಕಿವಿಯೇ ಗಡಿಯಾರ.

"ಇವ್ರಿಗೆ ಯಾಕೆ ಇಷ್ಟು ನಿಧಾನಕ್ಕೆ ಓದಿದ್ದೀಯ?"

"ಎಲ್ರಿಗೂ ಒಂದೇ ಕಣೇ."

"ಏನ್ ಒಂದೇ? ಮುಂಚೆ ಹಾಕಿದ್ದು ಓಡಿಸ್ಕೊಂಡು ಹೋಗಿದ್ದೀಯ. ಹಾಗೆ ಕೊಟ್ರೆ ನನ್ನ ಹುಡುಗೀರು ಪೆನ್ನು ಎಸೀತಾರೆ."

ನಕ್ಕೆ. ಆಮೇಲೆ ಸ್ಟಾಪ್‌ವಾಚ್ ಹಿಡಿದೆ. ನಿಶ್ಶಬ್ದ — 41 ಸೆಕೆಂಡು. ಗದ್ದಲ — 33. ಇನ್ನೊಂದು ಜೋಡಿ... 40, 33. ಇಪ್ಪತ್ತನಾಲ್ಕನ್ನೂ ಹಾಕಿ ನೋಡಿದೆ. ಎಲ್ಲ ಹಾಗೇ.

ಬೇಕೆಂದು ಮಾಡಿದ್ದಲ್ಲ. ಗೆಲ್ಲುತ್ತಾರೆ ಅಂದುಕೊಂಡವರಿಗೆ ಬಿಡಿಸಿ ಬಿಡಿಸಿ ಓದಿದ್ದೇನೆ, ನನಗೇ ಗೊತ್ತಿಲ್ಲದೆ. ಪ್ರಯೋಗ ಮಾಡುವವರ ನಿರೀಕ್ಷೆ ಫಲಿತಾಂಶವನ್ನು ಕೆಡಿಸುತ್ತದೆ — ಆ ಪಾಠದಲ್ಲಿ ಕ್ಲಾಸಿಗೇ ಹೆಚ್ಚು ಅಂಕ ನನಗೆ! ನಾಚಿಕೆಯಾಯಿತು.

ಮಾರ್ಚ್ 10

ಬೈಂಡ್ ಆದ ರಿಪೋರ್ಟ್ ಬ್ಯಾಗಿನಲ್ಲಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸ್ಸಿನಲ್ಲಿ ಆಮೆಗೆ ಎಲ್ಲ ಹೇಳಿದೆ. "ನಾನ್ ಹೇಳ್ಲಿಲ್ವಾ" ಅನ್ನಲಿಲ್ಲ. ಪುಣ್ಯಾತ್ಮ.

ಮೇಡಂ ಎದುರು ನಿಂತು ಒಂದೇ ಉಸಿರಿಗೆ ಒಪ್ಪಿಸಿದೆ. "ಮತ್ತೆ ಮಾಡ್ತೀವಿ ಮೇಡಂ."

"ಲೇಟಾದ್ರೆ ಅಂಕ ಕಳೀತೀನಿ. ಇಪ್ಪತ್ತಕ್ಕೆ ರಜೆ ಸಹಾಯಕರ ಪಟ್ಟಿ ಹಾಕ್ತೀನಿ, ನಿನಗೋಸ್ಕರ ಕಾಯಲ್ಲ."

"ಕಳೀರಿ ಮೇಡಂ."

ಇಷ್ಟು ಧೈರ್ಯ ಎಲ್ಲಿತ್ತೋ.

ಮಾರ್ಚ್ 19

ಈ ಸಲ ಅಕ್ಕನ ಧ್ವನಿ. ಒಂದೇ ರೆಕಾರ್ಡಿಂಗ್, 37 ಸೆಕೆಂಡು, ಎಲ್ಲರಿಗೂ ಅದೇ. ಹೊಸ ಇಪ್ಪತ್ತನಾಲ್ಕು ಮಂದಿ. ನಾನು ಕೋಣೆಯೊಳಗೆ ಕಾಲಿಡಲಿಲ್ಲ. ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಉಗುರು ಕಚ್ಚಿದೆ.

ನಿಶ್ಶಬ್ದ 11. ಗದ್ದಲ 10.

ನಾಲ್ಕು ಪದದ ಅಂತರದಲ್ಲಿ ಮೂರು ನನ್ನ ಗಂಟಲಿನದು! ಆಮೆಗೆ ಅಂದೆ. "ಜನಾನೂ ಬೇರೆ ಕಣೇ, ಅಷ್ಟು ಖಡಾಖಂಡಿತ ಹೇಳಕ್ಕಾಗಲ್ಲ" ಅಂದ. ಸರಿಯೇ. ಬರೆದುಕೊಂಡೆ.

ಮಾರ್ಚ್ 20, ಮಧ್ಯಾಹ್ನ 12.50

ಎರಡೂ ರಿಪೋರ್ಟ್ ಕೊಟ್ಟೆ, ಕೆಟ್ಟ ಮೊದಲನೆಯದನ್ನು ಮೇಲಿಟ್ಟು. ಮೇಡಂ ಅದನ್ನೇ ಮೊದಲು ಓದಿದರು, ಪೂರ್ತಿ.

"ನನ್ನ ಪ್ರಯೋಗಕ್ಕೆ ಜನರ ಮುಂದೆ ಓದೋರು ಬೇಕು. ನಿನ್ನ ನಂಬಬಹುದಾ?"

"ನನ್ನ ಕೈಲಿ ಓದಿಸ್ಬೇಡಿ ಮೇಡಂ. ರೆಕಾರ್ಡ್ ಮಾಡಿಸಿ."

ನಕ್ಕರು. ಎರಡೂ ರಿಪೋರ್ಟನ್ನು ಡ್ರಾಯರಿಗೆ ಹಾಕಿದರು. ಒಂದು ಗಂಟೆಗೆ ಪಟ್ಟಿ. ನೋಡಲು ಆಮೆಯನ್ನು ಕಳಿಸಿ ಅದೇ ಕುರ್ಚಿಯಲ್ಲಿ ಕೂತಿದ್ದೇನೆ. ನನಗೇ ಸಿಗುತ್ತದೆ, ಕಣ್ಣು ಮುಚ್ಚಿಕೊಂಡು ಹೇಳ... ಬೇಡ. ಕಣ್ಣು ಬಿಟ್ಟುಕೊಂಡೇ ಕಾಯುತ್ತೇನೆ.

ಕಾರಿಡಾರಿನ ತುದಿಯಲ್ಲಿ ಯಾರೋ. ಅವನೇ. ಅಯ್ಯೋ — ನಗುತ್ತಾ ಓಡುತ್ತಿದ್ದಾನೆ. ಆಮೆ ಓಡುತ್ತಿದ್ದಾ—