ಅಡುಗೆಮನೆಯಲ್ಲಿ ಮೂಡಿದ ಅಕ್ಷರ

ಅಕ್ಕಾ,

ನಾನು ಹುಷಾರಾಗಿದ್ದೇನೆ. ನಾನಿಲ್ಲಿ ನೋಡಿಕೊಳ್ಳುವ ಅಜ್ಜಿಗೆ ಲಕ್ವ ಹೊಡೆದು ಮಾತು ನಿಂತುಹೋಗಿದೆ. ಏನು ಬೇಕಿದ್ದರೂ ಪುಟ್ಟ ಟ್ಯಾಬಿನಲ್ಲಿ ಒಂದೇ ಬೆರಳಿನಿಂದ ಬರೆದು ಹೇಳುತ್ತಾರೆ. ಅದರ ಕವರಿನಲ್ಲೇ ವೈರಿಲ್ಲದ ಕೀಬೋರ್ಡ್ ಇದೆ.

ನಿನ್ನೆ ಅವರಿಗೆ ಮಾತ್ರೆ ಕೊಟ್ಟು, ಕೀಬೋರ್ಡನ್ನು ಹಾಸಿಗೆಯಲ್ಲೇ ಬಿಟ್ಟು, ಟ್ಯಾಬನ್ನಷ್ಟೇ ಬಿಡಿಸಿಕೊಂಡು ಬಂದು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದೆ. ಪಾತ್ರೆ ತೊಳೆಯುತ್ತ ತಿರುಗಿ ನೋಡಿದರೆ, ಯಾರೂ ಮುಟ್ಟದೆಯೇ ಪರದೆಯ ಮೇಲೆ ಅಕ್ಷರಗಳು ಮೂಡುತ್ತಿವೆ. ದೆವ್ವವೇ ಅಂದುಕೊಂಡೆ. ‘ಉಸಿರು’ ಎಂದು ಓದಿದ ಮೇಲೆಯೇ ಅದು ಹಾಸಿಗೆಯ ಕೀಬೋರ್ಡಿನಿಂದ ಅಜ್ಜಿ ಬರೆಯುತ್ತಿರುವುದು ಎಂದು ಹೊಳೆದದ್ದು. ಓಡಿದೆ. ಮಾತ್ರೆ ಗಂಟಲಿಗೆ ಸಿಕ್ಕಿ ಮುಖ ನೀಲಿಗಟ್ಟಿತ್ತು. ಬಗ್ಗಿಸಿ ಬೆನ್ನಿಗೆ ಗುದ್ದಿದೆ, ಹೊರಬಿತ್ತು.

ಸುಧಾರಿಸಿಕೊಂಡ ಮೇಲೆ ಅವರು ಮೊದಲು ಬರೆದದ್ದು, “ಮಗಳಿಗೆ ಹೇಳ್ಬೇಡ, ನಿನ್ನ ಕೆಲ್ಸದಿಂದ ತೆಗೀತಾಳೆ.” ಮುಚ್ಚಿಡಲು ಧೈರ್ಯ ಸಾಲದೆ ಹೇಳಿಬಿಟ್ಟೆ. ಮಗಳು ಟ್ಯಾಬನ್ನು ನನ್ನ ಕೈಗಿಟ್ಟು, “ಇದನ್ನ ಬಿಟ್ಟು ಎಲ್ಲೂ ಹೋಗ್ಬೇಡಮ್ಮ” ಅಂದರು.

ಈಗ ಸ್ನಾನಕ್ಕೂ ಒಯ್ಯುತ್ತೇನೆ. ಅಕ್ಷರ ಮೂಡಿದರೂ ಭಯ, ಮೂಡದಿದ್ದರೆ ಇನ್ನೂ ಭಯ. ಅಮ್ಮನಿಗೆ ಇದನ್ನು ಓದಿ ಹೇಳಬೇಡ, ಹೊಟ್ಟೆತುಂಬ ಉಣ್ಣುತ್ತಿದ್ದೇನೆ ಅನ್ನು. ಪರದೆ ನೋಡದೆ ಬಹಳ ಹೊತ್ತಾಯಿತು, ಬರಲೇ.

ನಿನ್ನ ತಂಗಿ